ಹಳದಿ ದೀಪವನ್ನು ಓದಬಲ್ಲ ಮೇಸ್ತ್ರಿ

ಹೈದರಾಬಾದಿನ ಆಟೋನಗರದಲ್ಲಿ, ಹೆಡ್ಡನ್ನೇ ಕಳಚಿ ಗ್ಯಾಸ್ಕೆಟ್ ಬದಲಿಸಿ ಮರಳಿ ಜೋಡಿಸಿದ್ದ ಕಾರೊಂದರಲ್ಲಿ ಎಂಜಿನ್ನಿನ ಹಳದಿ ದೀಪವು ಪುನಃ ಬೆಳಗಿದಾಗ, ವೃದ್ಧ ಮೇಸ್ತ್ರಿಯೊಬ್ಬರು ತೋರಿದ ಪ್ರಶಾಂತ ವಿವೇಕವನ್ನು ಎಷ್ಟು ಕೊಂಡಾಡಿದರೂ ಸಾಲದು. 16 ಪಿನ್ನುಗಳ ಕಿಂಡಿಗೆ ಸ್ಕ್ಯಾನರನ್ನು ಸಿಕ್ಕಿಸಲು ಪಿ0171 ಎಂಬ ಸಂಕೇತವು ಮೂಡಿತು. ಗಾಳಿ ಅಧಿಕ, ಪೆಟ್ರೋಲು ನ್ಯೂನ ಎಂಬುದು ಅದರ ತಾತ್ಪರ್ಯ. ಅವಸರದವರಾದರೆ ಆಕ್ಸಿಜನ್ ಸೆನ್ಸರನ್ನೇ ಬದಲಿಸಿಬಿಡುತ್ತಿದ್ದರು. ಇವರಾದರೋ, ಎಂಜಿನ್ ಮಂದಗತಿಯಲ್ಲಿರುವಾಗ ಏರಿದ್ದ ಫ್ಯೂಯೆಲ್ ಟ್ರಿಮ್ಮಿನ, ಅಂದರೆ ಪೆಟ್ರೋಲಿನ ಪ್ರಮಾಣದ ತಿದ್ದುಪಡಿಯ, ಅಂಕಿಯು ನಿಮಿಷಕ್ಕೆ 2500 ಸುತ್ತುಗಳ ವೇಗದಲ್ಲಿ ಇಳಿಯುವುದನ್ನು ಕಂಡು, ಥ್ರಾಟಲಿನ ಆಚೆಗೆಲ್ಲೋ ಗಾಳಿ ನುಸುಳುತ್ತಿದೆಯೆಂದು ನಿಶ್ಚಯಿಸಿ, ಇಂಟೇಕ್ ಮ್ಯಾನಿಫೋಲ್ಡಿನ ಹಿಂಬದಿಗೆ ಕಿವಿಯೊಡ್ಡಿದರು. ಮರಿಹಾವಿನ ಉಸಿರಿನಂಥ ಸಣ್ಣ ಬುಸುಗುಟ್ಟುವಿಕೆ! ಜೋಡಣೆಯ ಭರದಲ್ಲಿ ಅರೆಬರೆಯಾಗಿ ಕುಳಿತಿದ್ದ ವ್ಯಾಕ್ಯೂಮ್ ಪೈಪೊಂದನ್ನು ಬೆರಳತುದಿಯಿಂದಲೇ ಗುರುತಿಸಿ, ಒತ್ತಿ ಕೂರಿಸಿ, ಅಂಕಿಯು ಶೂನ್ಯದ ಸಮೀಪಕ್ಕೆ ಬಂದು ನಿಂತ ಮೇಲೆಯೇ ಅವರು ಸಂಕೇತವನ್ನು ಅಳಿಸಿದರು.