ಒಂದೇ ಹದ, ಮತ್ತೆ ಮತ್ತೆ

ಬಂದೂಕಿನ ಗುರಿಯಾಟ, ಹೊರಗುಳಿಯಬೇಕಾದವರನ್ನೂ ಸೇರಿಸಿಕೊಳ್ಳುವ ಕ್ರೀಡೆ. ಹಂಗೇರಿಯ ಕಾರೋಯ್ ಟಾಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಊನವಾಯಿತು. ಎಡಗೈಯನ್ನು ಪಳಗಿಸಿಕೊಂಡು ಅವರು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಪಿಸ್ತೂಲಿನ ಚಿನ್ನ ಗೆದ್ದರು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರಲ್ಲಿ ಬೆಳ್ಳಿ ಪಡೆದಾಗ ಅವರಿಗೆ 72 ವರ್ಷ. ಇಲ್ಲಿ ತೋಳ್ಬಲಕ್ಕಿಂತ, ಒಂದೇ ಕೆಲಸವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮಾಡುವ ತಾಳ್ಮೆಗೇ ಬೆಲೆ ಹೆಚ್ಚು.

ಆ ತಾಳ್ಮೆ ಕಣ್ಣಿಗೆ ಕಾಣುವುದು ಹೊಡೆದು ಖಾಲಿಯಾದ ತೋಟಾಗಳನ್ನು ಮರುತುಂಬುವ ಮೇಜಿನ ಮೇಲೆ. ಗುಂಡು ಹಾರಿದಾಗ ಹಿಗ್ಗಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತರಬೇಕು, ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸಬೇಕು, ಮದ್ದು ತೂಗಬೇಕು. ತೂಕದ ಮಾನವಾದ ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಪಾಲನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮರುತುಂಬಿದರೆ ಹಣ ಉಳಿಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ಏಕೆಂದರೆ ತೋಟಾ ಅಗ್ಗವಾದಷ್ಟೂ ಹೆಚ್ಚು ಹೊಡೆಯುತ್ತಾರೆ. ನಿಜವಾದ ಗಳಿಕೆ ಸಮಾನತೆ: ಒಂದು ತೋಟಾದಂತೆಯೇ ಇನ್ನೊಂದು.

ಅಪಾಯವಲ್ಲವೇ ಎಂದರೆ, ಹೌದು. ಮದ್ದು ಮಿತಿ ಮೀರಿದರೆ ಬಂದೂಕೇ ಸಿಡಿದೀತು. ಆದ್ದರಿಂದಲೇ ಪರವಾನಗಿ, ಕಾನೂನು, ತಯಾರಕರ ಕೋಷ್ಟಕ ಇವುಗಳನ್ನು ಮೀರುವವರಿಗೆ ಈ ಹವ್ಯಾಸ ಸಲ್ಲದು. ಅವಸರವನ್ನು ಇಷ್ಟು ಕಟ್ಟುನಿಟ್ಟಾಗಿ ಹೊರಗಿಡುವುದೇ ಇದರ ಹೆಚ್ಚುಗಾರಿಕೆ.