ನಿರ್ಗಮಿಸುವ ಪಾತ್ರಕ್ಕೆ ಸಲ್ಲಬೇಕಾದುದು

ಶಾಕುಂತಲದ ನಾಲ್ಕನೆಯ ಅಂಕದ ಕೊನೆಯಲ್ಲಿ ಅನಸೂಯೆಯೂ ಪ್ರಿಯಂವದೆಯೂ ಕಣ್ವಮಹರ್ಷಿಗಳೊಡನೆ ಆಶ್ರಮಕ್ಕೆ ಹಿಂದಿರುಗುವರಷ್ಟೆ. ಅಲ್ಲಿಂದ ಮುಂದೆ ಅವರು ರಂಗದ ಮೇಲೆ ಕಾಣಿಸಿಕೊಳ್ಳುವುದಿಲ್ಲ. ರವೀಂದ್ರನಾಥ ಠಾಕೂರರು ಕಾವ್ಯಗಳಲ್ಲಿ ಉಪೇಕ್ಷಿತರಾದವರನ್ನು ಕುರಿತು ಬರೆದ ಪ್ರಬಂಧದಲ್ಲಿ ಊರ್ಮಿಳೆಯೊಡನೆ ಈ ಸಖಿಯರನ್ನೂ ನೆನೆದಿರುವರು. ನಮಗಾದರೋ ಇದು ಉಪೇಕ್ಷೆಯೆಂದು ತೋರುವುದಿಲ್ಲ. ಸಖಿಯನ್ನು ಬೀಳ್ಕೊಡುವುದೇ ಆ ಇಬ್ಬರ ಕಾರ್ಯ. ಅದು ಪೂರ್ಣವಾದ ಮೇಲೆ, ಶೂನ್ಯವಾದ ತಪೋವನದ ಕಡೆಗೆ ಅವರು ಇಟ್ಟ ಹೆಜ್ಜೆಗಳಲ್ಲಿಯೇ ಅವರ ಕಥೆಯ ನಿರ್ವಹಣವೂ ಆಗಿಹೋಯಿತು. ಅವರು ಹೋಗುವುದನ್ನು ನಾವು ಕಣ್ಣಾರೆ ಕಂಡೆವು. ಅವರ ಹೃದಯದ ಭಾರವನ್ನು ತಿಳಿದೆವು. ಇನ್ನೇನು ಬೇಕು?

ಈ ಪ್ರಶ್ನೆಯನ್ನೇ ಹಿಡಿದು ಇಂದಿನ ಒಂದು ಕಲಾಪ್ರಕಾರವನ್ನು ಪರೀಕ್ಷಿಸಬೇಕೆಂಬುದು ಈ ಲೇಖನದ ಉದ್ದೇಶ. ದೂರದರ್ಶನದಲ್ಲಿ ವರ್ಷಾನುವರ್ಷ ನಡೆಯುವ ವಿಜ್ಞಾನಕಥೆಯ ಧಾರಾವಾಹಿಗಳನ್ನು ಹುಡುಗರ ಆಟವೆಂದು ತಳ್ಳಿಹಾಕುವ ಹಿರಿಯರು ಅನೇಕರುಂಟು. ಯಂತ್ರಪುರುಷರೂ ಲೋಕಾಂತರದ ರಾಕ್ಷಸರೂ ತುಂಬಿದ ಕಥೆಯಲ್ಲಿ ರಸವೆಲ್ಲಿಯದು ಎಂಬುದು ಅವರ ಆಕ್ಷೇಪ. ಪುಷ್ಪಕವಿಮಾನವನ್ನೂ ಮಾಯಾಮೃಗವನ್ನೂ ಒಪ್ಪಿದವರು ಈ ಆಕ್ಷೇಪವನ್ನು ಎತ್ತುವುದು ಅಷ್ಟೇನೂ ಶೋಭಿಸುವುದಿಲ್ಲ. ಅದು ಹಾಗಿರಲಿ.

ನಾಟಕಕ್ಕೂ ಧಾರಾವಾಹಿಗೂ ಇರುವ ಮುಖ್ಯಭೇದವೊಂದನ್ನು ಮೊದಲು ಗಮನಿಸತಕ್ಕದ್ದು. ನಾಟಕದಲ್ಲಿ ಪಾತ್ರವು ಕವಿಯ ಅಧೀನ. ನಟನು ಬದಲಾದರೂ ದುಷ್ಯಂತನು ದುಷ್ಯಂತನೇ. ಧಾರಾವಾಹಿಯಲ್ಲಿ ಪಾತ್ರವು ನಟನ ದೇಹದೊಡನೆ ಬೆಸೆದುಕೊಂಡಿರುತ್ತದೆ. ನಟನಿಗೆ ಬೇಸರವಾಗಬಹುದು, ಕರಾರು ಮುಗಿಯಬಹುದು, ಕಾಯಿಲೆ ಬರಬಹುದು. ಅಂದು ಕಥೆ ಯಾವ ಸಂಧಿಯಲ್ಲಿದ್ದರೂ ಪಾತ್ರವು ಎದ್ದು ಹೋಗಲೇಬೇಕು. ಲೇಖಕನಿಗೆ ಒಂದೆರಡು ಕಂತುಗಳ ಅವಕಾಶ ಸಿಕ್ಕಿದರೆ ಪುಣ್ಯ. ನಿರ್ವಹಣಸಂಧಿಯನ್ನು ಗರ್ಭಸಂಧಿಯ ನಡುವೆಯೇ ಬರೆಯಬೇಕಾದ ಈ ಸಂಕಟವು ನಮ್ಮ ಲಾಕ್ಷಣಿಕರಿಗೆ ಒದಗಿರಲಿಲ್ಲ.

ಈ ಸಂಕಟವನ್ನು ಅತ್ಯಂತ ದೀರ್ಘಕಾಲ ಅನುಭವಿಸಿದ್ದು ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ 'ಡಾಕ್ಟರ್ ಹೂ' ಎಂಬ ಧಾರಾವಾಹಿ. ಇದು 1963ನೆಯ ಇಸವಿ ನವೆಂಬರ್ 23ರಂದು ಆರಂಭವಾಗಿ, 1989ರಲ್ಲಿ ನಿಂತು, 2005ರಲ್ಲಿ ಮರಳಿ ಮೊದಲಾಯಿತು. ಕಾಲದಲ್ಲಿಯೂ ದೇಶದಲ್ಲಿಯೂ ಯಥೇಚ್ಛವಾಗಿ ಸಂಚರಿಸುವ 'ಡಾಕ್ಟರ್' ಎಂಬ ಲೋಕಾಂತರವಾಸಿಯೇ ಇದರ ನಾಯಕ. ಲಂಡನ್ ಪೋಲೀಸರು ಹಿಂದೆ ಬೀದಿಯಲ್ಲಿ ಇಟ್ಟಿದ್ದ ನೀಲಿಯ ಪೆಟ್ಟಿಗೆಯ ಆಕಾರದ್ದು ಆತನ ವಾಹನ. 1966ರಲ್ಲಿ ನಾಯಕನ ಪಾತ್ರಧಾರಿ ವಿಲಿಯಂ ಹಾರ್ಟ್‌ನೆಲ್‌ರು ನಿವೃತ್ತರಾಗಬೇಕಾಗಿ ಬಂದಾಗ, ಡಾಕ್ಟರನು ದೇಹವನ್ನೇ ನವೀಕರಿಸಿಕೊಂಡು ಬೇರೆ ಮುಖದಿಂದ ಎದ್ದುಬರುವನೆಂದು ಲೇಖಕರು ಕಲ್ಪಿಸಿದರು. ಜೀರ್ಣವಸ್ತ್ರವನ್ನು ಬಿಟ್ಟು ಹೊಸದನ್ನು ಉಡುವ ಈ ಉಪಾಯದಿಂದ ಧಾರಾವಾಹಿಗೆ ದೀರ್ಘಾಯುಷ್ಯ ಬಂದಿತು. ಆದರೆ ನಾಯಕನಿಗೆ ದೊರೆತ ಈ ಸೌಕರ್ಯ ಆತನ ಸಂಗಡಿಗರಿಗೆ ದೊರೆಯಲಿಲ್ಲ. ಅವರು ನಮ್ಮಂತಹ ಮನುಷ್ಯರು, ಹೋದರೆ ಹೋದಂತೆಯೇ.

ಈ ಸಂಗಡಿಗರಲ್ಲಿ ಉತ್ತಮವಾದ ಬೀಳ್ಕೊಡಿಗೆ ಲಭಿಸಿದ್ದು ಮೊದಲಿನ ಇಬ್ಬರಿಗೇ. ಇಯಾನ್ ಚೆಸ್ಟರ್ಟನ್ ವಿಜ್ಞಾನವನ್ನು ಕಲಿಸುವವನು, ಬಾರ್ಬರಾ ರೈಟ್ ಚರಿತ್ರೆಯನ್ನು ಕಲಿಸುವವಳು. ಇಬ್ಬರೂ ಲಂಡನಿನ ಒಂದು ಶಾಲೆಯ ಉಪಾಧ್ಯಾಯರು. (ಈ ವೃತ್ತಿಯವರಿಗೆ ಕಥೆಗಾರರು ಸಾಮಾನ್ಯವಾಗಿ ಹಾಸ್ಯದ ಪಾತ್ರವನ್ನೇ ಮೀಸಲಿಡುವರಾದ್ದರಿಂದ ಈ ಗೌರವ ಹೇಳಿಕೊಳ್ಳತಕ್ಕದ್ದು.) ಎರಡು ವರ್ಷಗಳ ಅಲೆದಾಟದ ತರುವಾಯ, 1965ರ ಒಂದು ಕಥೆಯಲ್ಲಿ, ವೈರಿಗಳ ಕಾಲಯಂತ್ರವನ್ನೇ ಉಪಯೋಗಿಸಿಕೊಂಡು ಅವರು ತಮ್ಮ ಊರನ್ನು ಸೇರುವರು. ಯುದ್ಧವಿಲ್ಲ, ಮರಣವಿಲ್ಲ, ದೀರ್ಘ ಭಾಷಣವೂ ಇಲ್ಲ. ಲಂಡನಿನ ಬೀದಿಗಳಲ್ಲಿ ಅವರು ಮಕ್ಕಳಂತೆ ನಲಿಯುತ್ತಿರುವ ಕೆಲವು ನಿಶ್ಚಲಚಿತ್ರಗಳು. ಬಸ್ಸಿನಲ್ಲಿ ಹಳೆಯ ದರದ ಚೀಟಿ ಕೇಳಿದಾಗ, ನೀವೇನು ಚಂದ್ರಲೋಕದಲ್ಲಿದ್ದಿರಾ ಎಂದು ಕಂಡಕ್ಟರನು ಹಂಗಿಸುವುದು. ಅವರು ನಕ್ಕು, ಹೆಚ್ಚುಕಡಿಮೆ ಹಾಗೆಯೇ ಎನ್ನುವುದು. ಇತ್ತ ಡಾಕ್ಟರನು ತನ್ನ ಯಂತ್ರದ ಕನ್ನಡಿಯಲ್ಲಿ ಅವರನ್ನು ನೋಡಿ, ಅವರಿಲ್ಲದ ಕೊರತೆಯನ್ನು ಮೆಲ್ಲಗೆ ಒಪ್ಪಿಕೊಳ್ಳುವನು. ಮೊದಲ ಕಂತಿನಿಂದಲೂ ಅವರ ಬಯಕೆ ಒಂದೇ, ಮನೆಗೆ ಹೋಗುವುದು. ಅದು ಈಡೇರಿತು. ಬಿತ್ತಿದ ಬೀಜವೇ ಫಲವಾಯಿತೆಂದು ಲಾಕ್ಷಣಿಕನು ಸಂತೋಷಪಡಬಹುದು.

ಮರುವರ್ಷವೇ ಇದಕ್ಕೆ ತದ್ವಿರುದ್ಧವಾದುದೊಂದು ನಡೆಯಿತು. ಡೋಡೋ ಎಂಬ ತರುಣಿ 1966ರ 'ದಿ ವಾರ್ ಮಷೀನ್ಸ್' ಕಥೆಯಲ್ಲಿ ಒಂದು ದುಷ್ಟಯಂತ್ರದ ಸಮ್ಮೋಹನಕ್ಕೆ ಒಳಗಾಗುವಳು. ಅವಳನ್ನು ವಿಶ್ರಾಂತಿಗಾಗಿ ಹಳ್ಳಿಗೆ ಕಳುಹಿಸುವರು. ಕಥೆಯ ಅರ್ಧಕ್ಕೆ ಹೋದವಳು ಮತ್ತೆ ಬರಲಿಲ್ಲ. ಕೊನೆಯಲ್ಲಿ ಪಾಲಿ ಎಂಬ ಹೊಸ ಹುಡುಗಿ ಬಂದು, ಡೋಡೋ ಲಂಡನಿನಲ್ಲಿಯೇ ಉಳಿಯುವಳಂತೆ ಎಂಬ ಸಮಾಚಾರವನ್ನು ಮುಟ್ಟಿಸುವಳು. ಅಲ್ಲಿಗೆ ತೀರಿತು! 1970ರಲ್ಲಿ ವಿದುಷಿಯಾದ ಲಿಜ಼್ ಶಾ ಪಾತ್ರಕ್ಕೆ ಅಷ್ಟೂ ದೊರೆಯಲಿಲ್ಲ. ಮುಂದಿನ ವರ್ಷದ ಮೊದಲ ಕಥೆಯಲ್ಲಿ, ಆಕೆ ಕೇಂಬ್ರಿಜ್‌ಗೆ ಹಿಂದಿರುಗಿದಳೆಂದು ಸೇನಾಧಿಕಾರಿಯೊಬ್ಬನ ಬಾಯಿಂದ ಒಂದು ಮಾತು ಬರುತ್ತದೆ.

ವಾಕ್ಯದಿಂದ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ತರ್ಕದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುವರು. ಕರ್ತೃಪದವನ್ನು ನುಡಿದವನು ಕ್ರಿಯಾಪದವನ್ನು ನುಡಿಯದೆ ಎದ್ದುಹೋದರೆ ಕೇಳುವವನ ಕಿವಿ ಕಾಯುತ್ತಲೇ ಇರುವುದು. ಡೋಡೋ ಮತ್ತು ಲಿಜ಼್ ಹಾಗೆ ನಿಂತುಹೋದ ವಾಕ್ಯಗಳು. ಅನಸೂಯೆ ಪ್ರಿಯಂವದೆಯರಿಗೂ ಇವರಿಗೂ ಇರುವ ಅಂತರ ಇಷ್ಟೇ: ಅವರು ಹೋದುದನ್ನು ಕವಿ ತೋರಿಸಿದನು, ಇವರು ಹೋದುದನ್ನು ಯಾರೋ ಹೇಳಿದರು.

ಇನ್ನು ಯೋಗ್ಯತೆ. ಬೆಂಕಿಯಿಂದ ತೋಟವನ್ನು ತೋಯಿಸಿದನೆಂದರೆ ಪದಗಳೆಲ್ಲ ಸರಿಯಾಗಿದ್ದರೂ ಅರ್ಥ ಕೂಡುವುದಿಲ್ಲ. ಅಮೆರಿಕದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಎಂಬ ಧಾರಾವಾಹಿಯಲ್ಲಿ ನೌಕೆಯ ರಕ್ಷಣಾಧಿಕಾರಿ ತಾಶಾ ಯಾರ್. ಪಾತ್ರಧಾರಿಣಿ ಡೆನೀಸ್ ಕ್ರಾಸ್ಬಿಯವರು ಮೊದಲ ವರ್ಷದಲ್ಲಿಯೇ ಬಿಡುಗಡೆ ಬೇಡಿದರು. 1988ರ ಏಪ್ರಿಲಿನ ಕಂತೊಂದರಲ್ಲಿ ಟಾರಿನ ಮಡುವಿನಂತಿರುವ ದುಷ್ಟಜಂತುವೊಂದು ಕಾರಣವಿಲ್ಲದೆ, ಕೇವಲ ವಿನೋದಕ್ಕಾಗಿ, ಒಂದೇ ಏಟಿಗೆ ಅವಳನ್ನು ಕೊಂದುಬಿಡುತ್ತದೆ. ರಕ್ಷಣಾಧಿಕಾರಿಗಳ ಬದುಕೇ ಹಾಗೆ, ಸಾವು ಹೇಳಿ ಬರುವುದಿಲ್ಲ ಎಂದು ಇದನ್ನು ಸಮರ್ಥಿಸುವವರುಂಟು. ಲೋಕದಲ್ಲಿ ಹಾಗೆ ಆಗುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಲೋಕದಲ್ಲಿ ನಡೆಯುವುದೆಲ್ಲ ಕಾವ್ಯದಲ್ಲಿ ಪ್ರಮಾಣವಾಗುವುದಾದರೆ ಕವಿಯ ಅಗತ್ಯವೇನು? ಪಂಚಾಂಗದಂತೆ ಜನನಮರಣಗಳ ಪಟ್ಟಿ ಸಾಕಾಗುತ್ತಿತ್ತು. ರಸಭಂಗಕ್ಕೆ ಅನೌಚಿತ್ಯವೇ ಕಾರಣವೆಂಬ ಆನಂದವರ್ಧನನ ಮತವನ್ನು ಇಲ್ಲಿ ನೆನೆಯಬೇಕು. ಆ ಕಂತಿನ ಕೊನೆಗೆ ತಾಶಾ ತನ್ನ ಸಹಚರರಿಗಾಗಿ ಮೊದಲೇ ಸಿದ್ಧಪಡಿಸಿಟ್ಟಿದ್ದ ಸಂದೇಶವನ್ನು ಅವಳ ಛಾಯಾರೂಪವು ನುಡಿಯುವುದು. ಅದು ಹೃದ್ಯವಾಗಿದ್ದರೂ ಮರಣದ ಅಯೋಗ್ಯತೆಯನ್ನು ಮುಚ್ಚಲಾರದು.

ಧಾರಾವಾಹಿಯವರಿಗೂ ಈ ಅತೃಪ್ತಿ ಇದ್ದಂತೆ ತೋರುತ್ತದೆ. 1990ರ ಫೆಬ್ರುವರಿಯ 'ಯೆಸ್ಟರ್ಡೇಸ್ ಎಂಟರ್‌ಪ್ರೈಸ್' ಎಂಬ ಕಂತಿನಲ್ಲಿ ಚರಿತ್ರೆಯ ಗತಿ ಬದಲಾಗಿ, ತಾಶಾ ಜೀವದಿಂದಿರುವ ಬೇರೊಂದು ಕಾಲ ಎದುರಾಗುವುದು. ನಿಜವಾದ ಚರಿತ್ರೆಯಲ್ಲಿ ತಾನು ನಿರರ್ಥಕವಾಗಿ ಸತ್ತವಳೆಂಬುದನ್ನು ಅವಳು ತಿಳಿಯುವಳು. ತಿಳಿದು, ಸಾವು ಖಂಡಿತವೆಂಬ ಹಳೆಯ ನೌಕೆಗೆ ತಾನೇ ಬೇಡಿ ಹೋಗುವಳು. ಆ ನೌಕೆಯ ತ್ಯಾಗದಿಂದಲೇ ಲಕ್ಷಾಂತರ ಜನರ ಪ್ರಾಣ ಉಳಿಯಬೇಕು. ಪಾತ್ರವೇ ತನ್ನ ಕವಿಯ ಮುಂದೆ ನಿಂತು, ನನಗೆ ಕೊಟ್ಟ ಮರಣ ಸರಿಯಲ್ಲ, ಬೇರೆಯದನ್ನು ಕೊಡು ಎಂದು ಕೇಳಿದಂತಿದೆ. ವಿಜ್ಞಾನಕಥೆಗಲ್ಲದೆ ಬೇರೆ ಯಾವ ಪ್ರಕಾರಕ್ಕೂ ಈ ಪರಿಹಾರ ಸುಲಭವಲ್ಲ. ಅಲ್ಲಿಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! 1991ರಲ್ಲಿ ಅದೇ ನಟಿಯನ್ನು ತಾಶಾಳ ಮಗಳಾಗಿ ಕರೆತಂದು, ಆ ನೌಕೆಯಿಂದ ತಾಯಿ ಶತ್ರುಗಳಿಗೆ ಸೆರೆಸಿಕ್ಕಿದಳೆಂದೂ, ತಪ್ಪಿಸಿಕೊಳ್ಳಹೋಗಿ ಮರಣದಂಡನೆಗೆ ಗುರಿಯಾದಳೆಂದೂ ಹೇಳಿಸಿದರು. ಕೊಟ್ಟುದನ್ನು ಮರಳಿ ಕಿತ್ತುಕೊಂಡಂತಾಯಿತು.

ಮರಣವೆಲ್ಲ ಅಯೋಗ್ಯವೆಂದು ನಮ್ಮ ಮಾತಲ್ಲ. 'ಡಾಕ್ಟರ್ ಹೂ'ವಿನ ಆಡ್ರಿಕ್ ಎಂಬ ಬಾಲಕ ಗಣಿತದಲ್ಲಿ ನಿಪುಣ. ಅದಕ್ಕಾಗಿ ದೊರೆತ ಪದಕವನ್ನು ಎದೆಯ ಮೇಲೆ ಧರಿಸಿರುವನು. 1982ರ ಮಾರ್ಚಿಯ 'ಅರ್ಥ್‌ಷಾಕ್' ಕಥೆಯಲ್ಲಿ, ಭೂಮಿಗೆ ಅಪ್ಪಳಿಸಲಿರುವ ನೌಕೆಯನ್ನು ತಡೆಯಲು ತರ್ಕದ ಒಗಟೊಂದನ್ನು ಬಿಡಿಸಲೆಂದು ಅವನು ಅಲ್ಲಿಯೇ ಉಳಿಯುವನು. ಕೊನೆಯ ಗಳಿಗೆಯಲ್ಲಿ ಶತ್ರುವಿನ ಏಟಿಗೆ ಯಂತ್ರ ಮುರಿದುಹೋಗುತ್ತದೆ. ತನ್ನ ಉತ್ತರ ಸರಿಯೋ ತಪ್ಪೋ ಎಂಬುದು ತನಗೆ ಇನ್ನು ತಿಳಿಯದಲ್ಲ ಎಂಬುದಷ್ಟೇ ಅವನ ಕೊನೆಯ ಕೊರಗು. ಆ ಕಂತಿನ ಕೊನೆಯಲ್ಲಿ ವಾಡಿಕೆಯ ಸಂಗೀತವಿಲ್ಲ. ಮುರಿದ ಪದಕದ ಮೇಲೆ ಹೆಸರುಗಳು ನಿಶ್ಶಬ್ದವಾಗಿ ಸಾಗುವುವು. ಬಾಲಕನು ಜಂಬದವನು, ಹಟಮಾರಿ, ನೋಡುವವರಲ್ಲಿ ಅನೇಕರಿಗೆ ಅಪ್ರಿಯನು. ಆದರೆ ಅವನ ಗುಣದೋಷಗಳೆರಡೂ ಆ ಒಗಟಿನ ಮುಂದೆ ಒಂದಾಗಿ ನಿಂತುವು. ಪರೀಕ್ಷೆಯ ಕೊಠಡಿಯಲ್ಲಿ ಗಂಟೆ ಬಾರಿಸಿದ ಮೇಲೂ ಲೆಕ್ಕವನ್ನು ಬಿಡಲೊಪ್ಪದ ಹುಡುಗರನ್ನು ಕಂಡವರಿಗೆ ಈ ದೃಶ್ಯದ ಕರುಣವನ್ನು ವಿವರಿಸಬೇಕಾಗಿಲ್ಲ.

ಸನ್ನಿಧಿಯ ವಿಷಯಕ್ಕೆ ಬಂದರೆ ಶಾಸ್ತ್ರವು ತುಸು ಸೋಲುವಂತೆ ಕಾಣುತ್ತದೆ. ಒಂದು ಪದವನ್ನು ಈಗ ನುಡಿದು ಇನ್ನೊಂದನ್ನು ಪ್ರಹರದ ಮೇಲೆ ನುಡಿದರೆ ವಾಕ್ಯವಾಗದೆಂಬುದು ಶಾಸ್ತ್ರ. ಸಾರಾ ಜೇನ್ ಸ್ಮಿತ್ ಎಂಬ ಪತ್ರಿಕಾಕರ್ತೆಯನ್ನು ಡಾಕ್ಟರನು 1976ರ ಅಕ್ಟೋಬರಿನಲ್ಲಿ ಅವಸರದಿಂದ ಇಳಿಸಿ ಹೋಗುವನು. ತನ್ನ ಸ್ವದೇಶದಿಂದ ಕರೆ ಬಂದಿದೆ, ಅಲ್ಲಿಗೆ ಮನುಷ್ಯರನ್ನು ಕರೆದೊಯ್ಯುವಂತಿಲ್ಲ. ತನ್ನ ಬೀದಿಯಲ್ಲಿ ಇಳಿಸಿದನೆಂದು ಆಕೆ ತಿಳಿದರೆ ಅದು ಬೇರೆಯದೇ ಬೀದಿ! ನಗುತ್ತ, ಸಿಳ್ಳುಹಾಕುತ್ತ ಆಕೆ ನಡೆದುಹೋಗುವಳು. ವಾಕ್ಯದ ಉತ್ತರಾರ್ಧ ಬಂದುದು 2006ರ ಏಪ್ರಿಲಿನಲ್ಲಿ, ಸುಮಾರು ಮೂವತ್ತು ವರ್ಷಗಳ ಮೇಲೆ. ಅದೇ ನಟಿ ಎಲಿಜ಼ಬೆತ್ ಸ್ಲೇಡನ್ನರು, ವಯಸ್ಸಾದ ಸಾರಾ ಜೇನಳಾಗಿ, ಹೊಸ ದೇಹದ ಡಾಕ್ಟರನ ಎದುರು ನಿಂತು, ಏಕೆ ಹಿಂದಿರುಗಿ ಬರಲಿಲ್ಲವೆಂದು ಕೇಳುವರು. ಅಂದು ಇಳಿಸಿದ್ದು ಅಬರ್ಡೀನಿನಲ್ಲಿ ಎಂದೂ ದೂರುವರು. ಇಂಗ್ಲೆಂಡಿನ ದಕ್ಷಿಣದವಳನ್ನು ಸ್ಕಾಟ್‌ಲೆಂಡಿನಲ್ಲಿ ಇಳಿಸಿದ್ದನಂತೆ! ಆ ಹಾಸ್ಯದೊಳಗಿರುವ ನೋವೆಂದರೆ ಮೂವತ್ತು ವರ್ಷ ಕಾದವಳ ನೋವು. ಕಂತಿನ ಕೊನೆಗೆ ಡಾಕ್ಟರನು, ಹಿಂದೆ ಆಡದೆ ಉಳಿದಿದ್ದ ವಿದಾಯದ ಮಾತನ್ನು ಸ್ಪಷ್ಟವಾಗಿ ಆಡುವನು. ಇಷ್ಟು ಅಂತರದ ಮೇಲೂ ವಾಕ್ಯ ಕೂಡಿತು. ನೋಡಿದ ಮಕ್ಕಳು ತಾವೇ ತಂದೆತಾಯಿಗಳಾಗಿ, ಆ ಮೊದಲ ಪದವನ್ನು ಕಿವಿಯಲ್ಲಿ ಉಳಿಸಿಕೊಂಡಿದ್ದುದೇ ಅದಕ್ಕೆ ಕಾರಣ. ಸ್ಲೇಡನ್ನರು 2011ರ ಏಪ್ರಿಲ್ 19ರಂದು ತೀರಿಕೊಂಡರು. 2020ರಲ್ಲಿ ಅದೇ ದಿನ, ಸಾರಾ ಜೇನಳನ್ನು ಬೀಳ್ಕೊಡುವ ಒಂದು ಕಿರುಚಿತ್ರವನ್ನು ರಸೆಲ್ ಟಿ. ಡೇವಿಸ್‌ರು ಬರೆದು ಕೊಟ್ಟರು.

ಇದೇ ಡೇವಿಸ್‌ರ ಇನ್ನೊಂದು ಬೀಳ್ಕೊಡಿಗೆಯನ್ನು ಮಾತ್ರ ನಾವು ಒಪ್ಪಲಾರೆವು. ಡೋನಾ ನೋಬಲ್ ಕಚೇರಿಗಳಲ್ಲಿ ತಾತ್ಕಾಲಿಕವಾಗಿ ಗುಮಾಸ್ತೆಯ ಕೆಲಸ ಮಾಡುವವಳು. ತಾನು ಯಾವುದಕ್ಕೂ ಬಾರದವಳೆಂದು ತಾಯಿಯಿಂದ ಕೇಳಿ ಕೇಳಿ ನಂಬಿದ್ದವಳು. ಪ್ರಯಾಣದಿಂದ ಅವಳು ಬೆಳೆದಳು. ಪೊಂಪೆಯ ಅಗ್ನಿಪರ್ವತದ ಮುಂದೆ ನಿಂತು, ಒಂದು ಕುಟುಂಬವನ್ನಾದರೂ ಉಳಿಸೆಂದು ಡಾಕ್ಟರನಿಗೇ ಧರ್ಮವನ್ನು ಬೋಧಿಸಿದಳು. 2008ರ ಜುಲೈ 5ರ ಕಂತಿನಲ್ಲಿ ಡಾಕ್ಟರನ ಜ್ಞಾನವೆಲ್ಲ ಅವಳ ತಲೆಯನ್ನು ಹೊಕ್ಕು, ಅದರಿಂದ ಪ್ರಾಣಾಪಾಯವುಂಟಾಗಿ, ಅವಳನ್ನು ಉಳಿಸಲು ಆತನು ತನ್ನೊಡನೆ ಕಳೆದ ದಿನಗಳ ನೆನಪೆಲ್ಲವನ್ನೂ ಅಳಿಸುವನು. ಬೇಡವೆಂದು ಅವಳು ಬೇಡಿಕೊಂಡರೂ ಅಳಿಸುವನು. ಅವಳು ಮೊದಲಿನಂತೆ ಹರಟುತ್ತ ಅಡಿಗೆಮನೆಯಲ್ಲಿ ನಿಂತಿರುವಳು. ಇದು ಪರಮಕರುಣವೆಂದು ಹೊಗಳಿದವರು ಬಹಳ. ಕಣ್ಣೀರು ಬರುವುದೂ ನಿಜ. ಆದರೆ ಕಣ್ಣೀರು ಬಂದ ಮಾತ್ರದಿಂದ ಕರುಣರಸವಾಗದು. ಆಡ್ರಿಕನಿಂದ ಪ್ರಾಣವನ್ನು ಕಸಿದರು, ಅವನು ಗಳಿಸಿದುದನ್ನು ಕಸಿಯಲಿಲ್ಲ. ಡೋನಾಳಿಗೆ ಪ್ರಾಣವನ್ನು ಬಿಟ್ಟು, ಗಳಿಸಿದುದನ್ನೆಲ್ಲ ಕಸಿದರು. ನಲವತ್ತು ವರ್ಷ ಹಲಗೆಯ ಮುಂದೆ ನಿಂತವನಿಗೆ, ಕಲಿತವಳಿಂದ ಕಲಿತುದನ್ನು ಒರೆಸಿಹಾಕುವ ಕಥೆ ಮರಣದ ಕಥೆಗಿಂತಲೂ ಕ್ರೂರವಾಗಿ ತೋರಿದರೆ ಅದನ್ನು ವೃತ್ತಿಯ ಪಕ್ಷಪಾತವೆಂದು ವಾಚಕರು ಮನ್ನಿಸಲಿ. 2023ರ ನವೆಂಬರಿನಲ್ಲಿ ಡೇವಿಸ್‌ರೇ ಈ ಸಾಲವನ್ನು ತೀರಿಸಿದರು. ಡೋನಾಳ ಜ್ಞಾನದ ಭಾರವು ಅವಳ ಮಗಳಿಗೂ ಹಂಚಿಹೋಗಿದ್ದುದರಿಂದ ನೆನಪು ಮರಳಿದರೂ ಅವಳು ಬದುಕಿದಳೆಂದು ಸಮಾಧಾನ ಹೇಳಿದರು. ತರ್ಕ ಸಡಿಲವಾದುದೇ ಸರಿ, ಆದರೂ ನಮಗೆ ಸಮ್ಮತ.

ಹಾಗಾದರೆ ಹೋದವರನ್ನೆಲ್ಲ ಮರಳಿ ಕರೆತರಬೇಕೆ? ಬೇಡ. ಮೊದಲೇ ಪೂರ್ಣವಾದ ವಾಕ್ಯಕ್ಕೆ ಇನ್ನೊಂದು ಕ್ರಿಯಾಪದವನ್ನು ಅಂಟಿಸಿದರೆ ಪುನರುಕ್ತಿ. ಇಯಾನನ ಪಾತ್ರಧಾರಿ ವಿಲಿಯಂ ರಸೆಲ್‌ರು 97ನೆಯ ವಯಸ್ಸಿನಲ್ಲಿ, 2022ರ ಒಂದು ಕಂತಿನಲ್ಲಿ, ಕೆಲವು ಕ್ಷಣ ಕುಳಿತು ಒಂದು ಮಾತನಾಡಿದರು. ಅದು ವಂದನೆಯಷ್ಟೇ, ಕಥೆಯನ್ನು ಕೆದಕಲಿಲ್ಲ, ಆದ್ದರಿಂದ ಮನೋಹರವಾಯಿತು.

ಉಳಿದಿರುವುದು ಸೂಸನ್ನಳ ಲೆಕ್ಕ. ಡಾಕ್ಟರನ ಮೊಮ್ಮಗಳು, ಎಲ್ಲರಿಗಿಂತ ಮೊದಲು ನಿರ್ಗಮಿಸಿದವಳು. 1964ರ ಡಿಸೆಂಬರ್ 26ರ ಕಂತಿನಲ್ಲಿ ಅವಳು ಡೇವಿಡ್ ಎಂಬ ತರುಣನನ್ನು ಮೆಚ್ಚಿರುವಳು, ಆದರೆ ತಾತನನ್ನು ಬಿಡಲಾರಳು. ತಾತನೇ ವಾಹನದ ಬಾಗಿಲನ್ನು ಒಳಗಿನಿಂದ ಮುಚ್ಚಿ, ಎಂದಾದರೊಂದು ದಿನ ಬರುವೆನೆಂದು ಮಾತುಕೊಟ್ಟು ಹೊರಟುಹೋಗುವನು. ಅವಳ ಕೈಯಿಂದ ಬೀಗದ ಕೈ ನೆಲಕ್ಕೆ ಜಾರುವುದು. ಪಾತ್ರಧಾರಿಣಿ ಕ್ಯಾರೊಲ್ ಆನ್ ಫೋರ್ಡ್‌ರು 1983ರ ವಿಶೇಷ ಕಂತಿನಲ್ಲಿ ಹಲವು ಡಾಕ್ಟರರ ಜಾತ್ರೆಯ ನಡುವೆ ಬಂದುಹೋದರು. 2025ರಲ್ಲಿ ನಾಯಕನ ಮನಸ್ಸಿನಲ್ಲಿ ಮಿಂಚುವ ಬಿಂಬವಾಗಿ ಕಂಡರು. ಆ ವರ್ಷದ ಕೊನೆಯ ಕಂತು ಮುಗಿದರೂ ತಾತನು ಬಾಗಿಲು ತಟ್ಟಲಿಲ್ಲ. ಲೋಕಗಳು ಸಿಡಿಯುವುದು, ದೇವತೆಗಳು ಕಾದಾಡುವುದು ಇದಕ್ಕೆ ಅಗತ್ಯವಿಲ್ಲ. ಒಂದು ಕೊಠಡಿ, ಎರಡು ಕುರ್ಚಿ, ಅರ್ಧ ಗಂಟೆಯ ಸಂಭಾಷಣೆ ಇದ್ದರೆ ಸಾಕು; ಹಣದ ಮುಗ್ಗಟ್ಟಿನ ನೆಪವನ್ನೂ ಇಲ್ಲಿ ಹೇಳುವಂತಿಲ್ಲ.