ಬೂಸ್ಟ್ ಏರಿದರೆ ಕಿಡಿ ಆರುವುದೇಕೆ

ಶಕ್ತಿ ಹೆಚ್ಚಿಸಿಕೊಂಡ ಕಾರಿನ ಇಂಜಿನ್ ಮಿಸ್ಸಿಂಗ್ ಆಗತೊಡಗಿತೆಂದರೆ ಅದರ ಒಡೆಯನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ಏಕೆ’ ಎಂಬುದು. ಆದರೆ ಈ ವಿದ್ಯೆಯಲ್ಲಿ ಪಳಗಿದವರು ಅದನ್ನು ಬದಿಗಿರಿಸಿ ‘ಯಾವಾಗ’ ಎಂದು ಕೇಳುತ್ತಾರೆ. ಮುಂಜಾನೆ ತಣ್ಣಗಿರುವ ಇಂಜಿನ್ನಿನಲ್ಲೋ, ಸಿಗ್ನಲ್ಲಿನಲ್ಲಿ ಐಡ್ಲಿಂಗ್‌ನಲ್ಲಿ ನಿಂತಿರುವಾಗಲೋ, ಗೇರ್ ಬದಲಿಸಲೆಂದು ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲೋ, ಅಥವಾ ಟರ್ಬೊ ತನ್ನ ಪೂರ್ಣಬಲದಿಂದ ಗಾಳಿಯನ್ನು ಒತ್ತುತ್ತಿರುವಾಗ ಮಾತ್ರವೋ ಎಂಬುದನ್ನು ನಿಶ್ಚಯಿಸಿಕೊಳ್ಳದೆ, ಪ್ಲಗ್ಗು, ಕಾಯಿಲ್, ಇಂಜೆಕ್ಟರ್‌ಗಳನ್ನು ಒಂದಾದ ಮೇಲೊಂದು ಕೊಂಡು ಹಾಕುತ್ತ ಹೋಗುವುದು ಕೇವಲ ಧನವ್ಯಯವಲ್ಲ, ಮೂಲದೋಷವನ್ನು ಮತ್ತಷ್ಟು ಮರೆಮಾಡುವ ಕಾರ್ಯವೂ ಹೌದು.

ಈ ಮಾತಿಗೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್‌ಬಿ26ಡಿಇಟಿಟಿ ಇಂಜಿನ್ನಿಗಿಂತ ಮಿಗಿಲಾದ ನಿದರ್ಶನ ನನಗೆ ಕಾಣದು. 1989ರಲ್ಲಿ ಜಪಾನಿನಲ್ಲಿ ಆರ್32 ಕಾರಿನೊಡನೆ ಅವತರಿಸಿದ ಈ 2568 ಸಿ.ಸಿ. ಇಂಜಿನ್ನಿಗೆ ಸಾಲಾಗಿ ನಿಂತ ಆರು ಸಿಲಿಂಡರುಗಳು, ಅವಳಿ ಟರ್ಬೊ, ಸಿಲಿಂಡರಿಗೊಂದರಂತೆ ಆರು ಥ್ರಾಟಲ್, ಆರು ಕಾಯಿಲ್. ಜಪಾನಿನ ತಯಾರಕರು ತಮ್ಮೊಳಗೆ ಒಪ್ಪಿಕೊಂಡಿದ್ದ ಮಿತಿಗೆ ಅನುಗುಣವಾಗಿ ಇದರ ಬಲವನ್ನು 280 ಅಶ್ವಶಕ್ತಿಯೆಂದು ಘೋಷಿಸಲಾಗಿತ್ತಾದರೂ, ಗ್ರೂಪ್ ಎ ರೇಸನ್ನು ಗಮನದಲ್ಲಿಟ್ಟು ಎರಕ ಹೊಯ್ದ ಅದರ ಕಬ್ಬಿಣದ ಬ್ಲಾಕ್ ಅದಕ್ಕಿಂತ ಎಷ್ಟೋ ಅಧಿಕವಾದುದನ್ನು ತಾಳಬಲ್ಲದು. 1-5-3-6-2-4 ಎಂಬ ಕ್ರಮದಲ್ಲಿ, ಕ್ರ್ಯಾಂಕ್ 120 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುವ ಇದರ ನಡೆ ಕಾಲಪ್ರಮಾಣ ತಪ್ಪದ ಮೃದಂಗವಾದನದಂತಿದ್ದು, ಅದರಲ್ಲಿ ಒಂದೇ ಒಂದು ಪೆಟ್ಟು ಲೋಪವಾದರೂ ಕಿವಿಗಿಂತ ಮೊದಲು ಸೀಟಿಗೊರಗಿದ ಬೆನ್ನು ಅದನ್ನು ಅರಿಯುತ್ತದೆ.

ಇಂತಹ ಕಾರಿನ ಬೂಸ್ಟನ್ನು, ಕಾರ್ಖಾನೆಯಿಂದ ಬಂದ ಸುಮಾರು 0.7 ಬಾರ್‌ನಿಂದ 1.4ಕ್ಕೆ ಏರಿಸಲಾಗಿದೆಯೆಂದು ಭಾವಿಸೋಣ. ಐಡ್ಲಿಂಗ್ ನಿರ್ದುಷ್ಟವಾಗಿದೆ, ಪೇಟೆಯ ಓಡಾಟದಲ್ಲಿ ಯಾವ ತಕರಾರೂ ಇಲ್ಲ. ಆದರೆ ಮೂರನೆಯ ಗೇರಿನಲ್ಲಿ ಪೂರ್ತಿ ತುಳಿದು 5000 ಆರ್‌ಪಿಎಂ ದಾಟಿದೊಡನೆಯೇ ಕಾರು ಮುಗ್ಗರಿಸುತ್ತದೆ. ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಷ್ ಪಾಶೆನ್ 1889ರಲ್ಲಿ, ಎಂದರೆ ಈ ಇಂಜಿನ್ ಹುಟ್ಟುವುದಕ್ಕೆ ಸರಿಯಾಗಿ ನೂರು ವರ್ಷ ಮೊದಲು, ಇದಕ್ಕೆ ವಿವರಣೆಯಾಗಬಲ್ಲ ನಿಯಮವನ್ನು ಪ್ರಕಟಿಸಿದ್ದನು: ಎರಡು ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು, ಅಲ್ಲಿರುವ ಅನಿಲದ ಒತ್ತಡ ಮತ್ತು ತುದಿಗಳ ಅಂತರ ಇವೆರಡರ ಗುಣಲಬ್ಧವನ್ನು ಅವಲಂಬಿಸಿರುತ್ತದೆ. ಪ್ಲಗ್ಗು ಕೆಲಸಮಾಡುವ ಒತ್ತಡಗಳಲ್ಲಿ ಗುಣಲಬ್ಧ ಹೆಚ್ಚಿದಂತೆ ವೋಲ್ಟೇಜಿನ ಬೇಡಿಕೆಯೂ ಹೆಚ್ಚುತ್ತದೆ. ವಾತಾವರಣದ ಒತ್ತಡವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಸಿಲಿಂಡರಿಗೆ ನುಗ್ಗುವ ಗಾಳಿಯ ಒತ್ತಡ 1.7ರಿಂದ 2.4 ಬಾರ್‌ಗೆ ಏರಿತು. ಆದಕಾರಣ ಕಾಯಿಲ್ ಮೊದಲಿನಷ್ಟೇ ವೋಲ್ಟೇಜಿನಲ್ಲಿ ಕಿಡಿ ಹಾರಿಸಬೇಕಾದರೆ, ಮೂಲ ಪ್ಲಗ್ಗಿನ 1.1 ಮಿಲಿಮೀಟರ್ ಗ್ಯಾಪನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕು. ಗುಣಿಸಿ ಭಾಗಿಸಿದರೆ ದೊರೆಯುವುದು 0.78. ಟ್ಯೂನಿಂಗ್ ಮಾಡುವವರು ತಲೆಮಾರಿನಿಂದ ಪಾಲಿಸಿಕೊಂಡು ಬಂದ 0.8 ಮಿಲಿಮೀಟರ್ ಎಂಬ ವಾಡಿಕೆ ಕುರುಡು ಸಂಪ್ರದಾಯವಲ್ಲವೆಂಬುದು ಈ ಚಿಕ್ಕ ಲೆಕ್ಕದಿಂದಲೇ ಸಿದ್ಧವಾಗುತ್ತದೆ, ಮತ್ತು ಇದನ್ನು ಕಂಡಾಗಲೆಲ್ಲ ನನಗೆ ಒಂದು ಬಗೆಯ ಆನಂದವಾಗುತ್ತದೆ. ನಮ್ಮಲ್ಲಿ ರಿಮ್ಯಾಪ್ ಮಾಡಿಸಿಕೊಂಡ ಪೋಲೊ ಜಿಟಿ ಟಿಎಸ್‌ಐಯಂತಹ ಪುಟ್ಟ ಟರ್ಬೊ ಕಾರುಗಳಿಗೂ ಅನ್ವಯಿಸುವುದು ಇದೇ ನಿಯಮ.

ಅನುಭವಿಗಳನ್ನೂ ದಾರಿತಪ್ಪಿಸುವ ಒಂದು ಸಂಗತಿ ಇಲ್ಲಿದೆ. ಕಿಡಿ ಆರಿದ ಸಿಲಿಂಡರಿನಿಂದ ಪೆಟ್ರೋಲಿನಂತೆಯೇ ಆಮ್ಲಜನಕವೂ ಉರಿಯದೆ ಹೊರಬೀಳುತ್ತದಷ್ಟೆ. ಎಕ್ಸಾಸ್ಟ್‌ನಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯದೆ ಆಮ್ಲಜನಕವನ್ನೇ ಅಳೆಯುವುದರಿಂದ, ಮಿಶ್ರಣ ‘ಲೀನ್’ ಆಗಿದೆ, ಎಂದರೆ ಪೆಟ್ರೋಲ್ ಕಡಿಮೆಯಾಗಿದೆ ಎಂದು ಸಾರುತ್ತದೆ. ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸಿದರೆ, ಮೊದಲೇ ದುರ್ಬಲವಾಗಿದ್ದ ಕಿಡಿಗೆ ಪ್ಲಗ್ಗಿನ ಮೇಲಿನ ಮಸಿಯೂ ಶತ್ರುವಾಗಿ, ಮಿಸ್ಸಿಂಗ್ ಉಲ್ಬಣಿಸುತ್ತದೆ. ಸೆನ್ಸರ್ ಮತ್ತಷ್ಟು ‘ಲೀನ್’ ಎನ್ನುತ್ತದೆ. ಉರಿಯದ ಪೆಟ್ರೋಲು ಒಂದೆಡೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತ, ಇನ್ನೊಂದೆಡೆ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಕರಗಿಸುತ್ತ ಹೋಗುತ್ತದೆ. ಆದುದರಿಂದ ಮಿಸ್ಸಿಂಗ್ ಇರುವ ಇಂಜಿನ್ನಿನ ಮಿಶ್ರಣವನ್ನು ಆ ಸೆನ್ಸರಿನ ಮಾತಿನ ಮೇಲೆ ತಿದ್ದತಕ್ಕದ್ದಲ್ಲ. ಬೇರೇನನ್ನೂ ಮುಟ್ಟದೆ ಬೂಸ್ಟನ್ನು ಹಳೆಯ ಮಟ್ಟಕ್ಕೆ ಇಳಿಸಿ ನೋಡಬೇಕು. ಮಿಸ್ಸಿಂಗ್ ಮಾಯವಾದರೆ ಸಂಶಯವೆಲ್ಲ ಕಿಡಿಯ ಕಡೆಗೆ ವಾಲುತ್ತದೆ.

ಗ್ಯಾಪ್ ಇಳಿಸಿ, ಒಂದು ಮೆಟ್ಟಿಲು ತಂಪಾದ ಪ್ಲಗ್ಗನ್ನು ಹಾಕಿಯೂ ದೋಷ ಉಳಿದರೆ ಕಾಯಿಲ್‌ಗಳತ್ತ ತಿರುಗಬೇಕು. ಈ ಇಂಜಿನ್ನಿನಲ್ಲಿ ಅವು ಎರಡು ಕ್ಯಾಮ್ ಕವರುಗಳ ನಡುವಣ ಕಣಿವೆಯಲ್ಲಿ, ಮುಚ್ಚಳದ ಕೆಳಗೆ ಬೇಯುತ್ತ ಕುಳಿತಿರುತ್ತವೆ. ಮೂವತ್ತು ವರ್ಷಗಳ ಶಾಖಕ್ಕೆ ಅವುಗಳ ಮೈ ಬಿರುಕು ಬಿಟ್ಟು ಕಿಡಿ ಅಡ್ಡದಾರಿ ಹಿಡಿಯುವುದು ಸಹಜ. ಸಂಶಯವಿರುವ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ಮಿಸ್ಸಿಂಗ್ ಅದರ ಹಿಂದೆಯೇ ಹೋದರೆ ಬೇರೆ ಸಾಕ್ಷ್ಯ ಬೇಡ. ಹೊಸ ಕಾಯಿಲ್ ಕೊಳ್ಳುವುದಕ್ಕೆ ಮುನ್ನ, ಇಂಜಿನ್ ಓಡುತ್ತಿರುವಾಗ ಕಾಯಿಲಿನ ಕನೆಕ್ಟರಿಗೆ ತಲಪುವ ವೋಲ್ಟೇಜನ್ನು ಅಳೆಯುವವರು ವಿರಳ. ಆಲ್ಟರ್ನೇಟರಿನಲ್ಲಿ 14 ಇದ್ದುದು ಹಳೆಯ ವೈರಿಂಗ್ ದಾಟುವಷ್ಟರಲ್ಲಿ 12ಕ್ಕೆ ಇಳಿದಿದ್ದರೆ, ಕಾಯಿಲಿನಲ್ಲಿ ಕರೆಂಟು ತುಂಬುವ ವೇಗವೇ ಕುಂದುತ್ತದೆ. 8000 ಆರ್‌ಪಿಎಂನಲ್ಲಿ ಎರಡು ಕಿಡಿಗಳ ನಡುವೆ ಒಂದೊಂದು ಕಾಯಿಲಿಗೂ ದೊರೆಯುವ ಅವಕಾಶ 15 ಮಿಲಿಸೆಕೆಂಡು ಮಾತ್ರ. 2007ರ ಆರ್35 ಕಾರಿನ ಕಾಯಿಲ್‌ಗಳನ್ನು ಈ ಹಳೆಯ ಇಂಜಿನ್ನಿಗೆ ಅಳವಡಿಸುವ ರೂಢಿಯನ್ನು ನಾನು ಮೆಚ್ಚುತ್ತೇನೆ. ಆದರೆ ಕರೆಂಟು ತುಂಬುವ ಅವಧಿಯನ್ನು, ಎಂದರೆ ಡ್ವೆಲ್ಲನ್ನು, ಹೊಸ ಕಾಯಿಲಿಗೆ ತಕ್ಕಂತೆ ಇಂಜಿನ್ನನ್ನು ನಿಯಂತ್ರಿಸುವ ಇಸಿಯುನಲ್ಲಿ ನಿಗದಿಪಡಿಸದೆ ಹೋದರೆ ಕಿಡಿ ಸೊರಗುವುದು, ಇಲ್ಲವೇ ಕಾಯಿಲ್ ಸುಟ್ಟುಹೋಗುವುದು. ಕಿಡಿಗೆ ಅನುಕೂಲವೆಂದು ಗ್ಯಾಪನ್ನು ಅತಿಯಾಗಿ ಕಿರಿದುಗೊಳಿಸುವುದನ್ನು ಮಾತ್ರ ಒಪ್ಪಲಾರೆ. ಜ್ವಾಲೆಯ ಬೀಜ ಚಿಕ್ಕದಾಗಿ ಐಡ್ಲಿಂಗ್‌ನಲ್ಲೇ ಮಿಸ್ಸಿಂಗ್ ಆರಂಭವಾಗುತ್ತದೆ.

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಮುಗ್ಗರಿಸುವ ಕಾರಿನಲ್ಲಿ ಬ್ಲೋ-ಆಫ್ ವಾಲ್ವನ್ನು ನೋಡಬೇಕು. ಏರ್‌ಫ್ಲೋ ಮೀಟರ್ ಅದಾಗಲೇ ಎಣಿಸಿಬಿಟ್ಟ ಗಾಳಿಯನ್ನು ಅದು ಹೊರಗೆ ಚೆಲ್ಲಿದರೆ, ಬಾರದ ಗಾಳಿಗೂ ಇಸಿಯು ಪೆಟ್ರೋಲ್ ಸುರಿಯುತ್ತದೆ. ಉಗ್ರವಾದ ಕ್ಯಾಮ್ ಹಾಕಿಸಿದವರ ಐಡ್ಲಿಂಗ್ ತೂರಾಡುವುದು ಆ ಕ್ಯಾಮಿನ ಸ್ವಭಾವವೇ ಹೊರತು ರೋಗವಲ್ಲ.

ಕಿಡಿ, ಪೆಟ್ರೋಲು ಎರಡೂ ನಿರ್ದೋಷಿಗಳೆಂದು ಸಿದ್ಧವಾದ ಮೇಲೂ ಒಂದೇ ಸಿಲಿಂಡರ್ ಹಿಂದುಳಿದರೆ, ಇಗ್ನಿಷನ್ ಮತ್ತು ಇಂಜೆಕ್ಟರುಗಳ ಸಂಪರ್ಕ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಅಳೆಯಬೇಕು. ಅಲ್ಲಿ ಕೊರತೆ ಕಂಡರೆ, ಎಲ್ಲ ವಾಲ್ವುಗಳೂ ಮುಚ್ಚಿರುವ ಸ್ಥಿತಿಯಲ್ಲಿ ಆ ಸಿಲಿಂಡರಿಗೆ ಗಾಳಿ ತುಂಬಿ ಕಿವಿಗೊಡಬೇಕು: ಎಣ್ಣೆ ತುಂಬುವ ಬಾಯಿಯಲ್ಲಿ ಸುಯ್ಲು ಕೇಳಿಸಿದರೆ ಪಿಸ್ಟನ್ ಅಥವಾ ರಿಂಗು, ಎಕ್ಸಾಸ್ಟ್‌ನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವು, ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಈ ಮೂರರಲ್ಲಿ ಯಾವುದಾದರೂ ಇಂಜಿನ್ ಬಿಚ್ಚದೆ ಗತ್ಯಂತರವಿಲ್ಲ.